ಗಾಳಿಯ ತಕ್ಕಡಿ ಬದಲಿಸುವ ಮುನ್ನ

ಮಂಗಳೂರಿನ ಕದ್ರಿಯಿಂದ ಬೆಳಿಗ್ಗೆ ಹೊರಟ ಕಾರೊಂದು ನಂತೂರು, ಪಡೀಲು, ಮಾಣಿ, ಪುತ್ತೂರು, ಸುಳ್ಯ ದಾಟಿ, ಸಂಪಾಜೆಯ ಘಾಟಿ ಹತ್ತಿ ಮಡಿಕೇರಿಗೆ ಬಂದು ನಿಂತಿತು ಎನ್ನಿ. ಹೊರಟದ್ದು ಕಡಲಿನ ಪಕ್ಕದ ತಗ್ಗಿನಿಂದ, ತಲುಪಿದ್ದು ಸುಮಾರು 1,150 ಮೀಟರ್ ಎತ್ತರಕ್ಕೆ. ದಾರಿಯುದ್ದಕ್ಕೂ ಇಂಜಿನ್ನಿನ ಸಿಲಿಂಡರುಗಳ ಅಳತೆ ಹಾಗೇ ಇತ್ತು. ಆದರೆ ಅವು ಒಳಗೆಳೆದುಕೊಂಡ ಗಾಳಿ ಮಾತ್ರ ಹಗುರಾಗುತ್ತ ಹೋಯಿತು. ಕರಾವಳಿಯ 30 ಡಿಗ್ರಿ ಬಿಸಿಲಿನಲ್ಲಿ ಒಂದು ಲೀಟರ್ ಗಾಳಿ ಸುಮಾರು 1.16 ಗ್ರಾಂ ತೂಗುತ್ತದೆ. ಮಡಿಕೇರಿಯ ತಂಪಿನಲ್ಲಿಯೂ ಅದು 1.04 ಗ್ರಾಂ ಆಸುಪಾಸಿಗೆ ಇಳಿದಿರುತ್ತದೆ, ಅಂದರೆ ಹತ್ತರಲ್ಲೊಂದು ಪಾಲು ಕಡಿಮೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ನಡೆಯುವುದು ತೂಕದಲ್ಲಿ, ಗಾತ್ರದಲ್ಲಲ್ಲ. ಆದ್ದರಿಂದ ಊರಿನಿಂದ ಊರಿಗೆ, ಮಧ್ಯಾಹ್ನದಿಂದ ರಾತ್ರಿಗೆ ಬದಲಾಗುವ ಗಾಳಿಯನ್ನು ಪ್ರತಿ ಕ್ಷಣವೂ ತೂಗಿ ಹೇಳುವವರೊಬ್ಬರು ಇಂಜಿನ್ನಿಗೆ ಬೇಕು. ಬಹಳ ಕಾರುಗಳಲ್ಲಿ ಆ ಕೆಲಸ ಮಾಡುವುದು ಏರ್ ಫಿಲ್ಟರ್ ಡಬ್ಬಿಯ ಬಾಯಲ್ಲಿ ಕೂತಿರುವ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಮಾಸ್ ಏರ್ ಫ್ಲೋ ಸೆನ್ಸರ್. ಗ್ಯಾರೇಜಿನ ಮಾತಿನಲ್ಲಿ ಅದು ಏರ್ ಫ್ಲೋ ಸೆನ್ಸರ್, ಇಲ್ಲವೇ ಬರೀ ಮ್ಯಾಫ್.

ಅದು ತೂಗುವ ಬಗೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಬಿಸಿ ಗಂಜಿಗೆ ಮೆಲ್ಲನೆ ಊದಿದರೆ ನಿಧಾನವಾಗಿ ಆರುತ್ತದೆ, ಜೋರಾಗಿ ಊದಿದರೆ ಬೇಗ ಆರುತ್ತದೆ. ಸೆನ್ಸರಿನೊಳಗೆ ಪ್ಲಾಟಿನಂನ ಒಂದು ಸೂಕ್ಷ್ಮ ತಂತಿಯೋ ತೆಳುವಾದ ಪದರವೋ ಇರುತ್ತದೆ. ವಿದ್ಯುತ್ತು ಹರಿಸಿ ಅದನ್ನು ಒಳಬರುವ ಗಾಳಿಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹೆಚ್ಚು ಹರಿದಷ್ಟೂ ತಂತಿ ಹೆಚ್ಚು ಆರುತ್ತದೆ, ಅದನ್ನು ಮತ್ತೆ ಅದೇ ಬಿಸಿಗೆ ತರಲು ಹೆಚ್ಚು ಕರೆಂಟು ಬೇಕಾಗುತ್ತದೆ. ಎಷ್ಟು ಕರೆಂಟು ಬೇಕಾಯಿತು ಎಂಬುದೇ ಎಷ್ಟು ಗಾಳಿ ಹೋಯಿತು ಎಂಬುದರ ಅಳತೆ. ಗಾಳಿಯ ಹರಿವಿಗೂ ಬಿಸಿ ತಂತಿ ಕಳೆದುಕೊಳ್ಳುವ ಶಾಖಕ್ಕೂ ಇರುವ ಈ ನಂಟನ್ನು ಸೂತ್ರವಾಗಿ 1914ರಲ್ಲಿ ಪ್ರಕಟಿಸಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ಕಿಂಗ್. ಅದು ಕಾರಿನ ಇಂಜಿನ್ನಿಗೆ ಬಂದದ್ದು 1980ರ ದಶಕದ ಆರಂಭದಲ್ಲಿ, ಜರ್ಮನಿಯ ಬಾಷ್ ಕಂಪನಿಯ ಎಲ್‌ಎಚ್-ಜೆಟ್ರಾನಿಕ್ ಏರ್ಪಾಟಿನ ಮೂಲಕ. ಅದಕ್ಕೆ ಮೊದಲು ಗಾಳಿ ತಳ್ಳಿದಂತೆ ತೆರೆದುಕೊಳ್ಳುವ ಒಂದು ಬಾಗಿಲಿನಿಂದ ಹರಿವನ್ನು ಅಳೆಯುತ್ತಿದ್ದರು. ಎಲ್ಲ ಕಾರಿಗೂ ಈ ಸೆನ್ಸರ್ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ರಸ್ತೆಯ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳು ಇಂಜಿನ್ನಿನ ಒಳದಾರಿಯ ಒತ್ತಡ ಮತ್ತು ಬಿಸಿಯನ್ನು ನೋಡಿ ಗಾಳಿಯ ತೂಕವನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಮಾತ್ರ ಮ್ಯಾಫ್ ಸಾಮಾನ್ಯ.

ಈ ಸೆನ್ಸರಿನ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ಅಭ್ಯಾಸ ತಪ್ಪೆಂದು ವಾದಿಸಲು ಈ ಬರಹ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ಲೈಟ್ ಹತ್ತುತ್ತದೆ, ಪಿಕಪ್ ಇಳಿಯುತ್ತದೆ, ಮೈಲೇಜ್ ಬೀಳುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0101 ಎಂಬ ಕೋಡ್ ಬರುತ್ತದೆ. ಅದರ ಪಕ್ಕದಲ್ಲಿ ಏರ್ ಫ್ಲೋ ಸೆನ್ಸರಿನ ಹೆಸರಿರುತ್ತದೆ. ಹೆಸರಿದ್ದ ಮೇಲೆ ತಪ್ಪೂ ಅದರದ್ದೇ ಎಂದುಕೊಂಡು ಕೆಲವು ಸಾವಿರ ರೂಪಾಯಿಯ ಹೊಸ ಸೆನ್ಸರ್ ಹಾಕಿಬಿಡುತ್ತೇವೆ. ತಕ್ಕಡಿ ಕಡಿಮೆ ತೂಕ ತೋರಿಸಿತೆಂದು ತಕ್ಕಡಿಯನ್ನೇ ಎಸೆಯುವ ಅಂಗಡಿಯವನಿಲ್ಲ, ಅವನು ಮೊದಲು ಗೋಣಿ ತೂತಾಗಿದೆಯೇ ಎಂದು ನೋಡುತ್ತಾನೆ. ಗಾಳಿಯ ತಕ್ಕಡಿಗೂ ಅದೇ ನ್ಯಾಯ ಸಲ್ಲಬೇಕು. ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಅಳೆದು ತೋರಿಸಿದ ಮೇಲೆ ಮಾತ್ರ ಅದನ್ನು ಬದಲಿಸಬೇಕು, ಆ ಅಳತೆಯ ಕೆಲಸಕ್ಕೆ ನಾವು ಕಾರಿನವರು ಮನಸಾರೆ ದುಡ್ಡು ಕೊಡಬೇಕು.

ಕೋಡ್ ಏನು ಹೇಳುತ್ತದೆ ಎಂಬುದನ್ನು ತುಸು ಬಿಡಿಸಿ ನೋಡೋಣ. ಪಿ0100 ಎಂದರೆ ಸೆನ್ಸರಿನ ವೈರಿಂಗ್ ಸರ್ಕಿಟ್ಟಿನಲ್ಲಿ ದೋಷವಿದೆ ಎಂದು. ಪಿ0102 ಎಂದರೆ ಸಿಗ್ನಲ್ ಇರಬೇಕಾದ್ದಕ್ಕಿಂತ ತೀರ ಕೆಳಗಿದೆ, ಪಿ0103 ಎಂದರೆ ತೀರ ಮೇಲಿದೆ, ಪಿ0104 ಎಂದರೆ ಬಂದು ಹೋಗುತ್ತಿದೆ. ಪಿ0101 ಇವೆಲ್ಲಕ್ಕಿಂತ ಸೂಕ್ಷ್ಮ. ಸೆನ್ಸರ್ ಹೇಳಿದ ಅಂಕಿಯೂ ಇಂಜಿನ್ನಿನ ವೇಗ, ಆಕ್ಸಿಲರೇಟರ್, ಒತ್ತಡ ನೋಡಿ ಕಂಪ್ಯೂಟರ್ ಊಹಿಸಿದ ಅಂಕಿಯೂ ತಾಳೆಯಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಇಬ್ಬರ ಲೆಕ್ಕ ಹೊಂದದಿದ್ದಾಗ ಯಾರ ಲೆಕ್ಕ ತಪ್ಪು ಎಂದು ಆ ಕೋಡ್ ಹೇಳುವುದಿಲ್ಲ. ಏರ್ ಫಿಲ್ಟರಿನಿಂದ ಸಿಲಿಂಡರಿನವರೆಗಿನ ದಾರಿಯಲ್ಲಿ ರಬ್ಬರ್ ಹೋಸ್, ಕ್ಲ್ಯಾಂಪ್, ಡೀಸೆಲ್ಲಾದರೆ ಟರ್ಬೊ ಮತ್ತು ಇಂಟರ್‌ಕೂಲರ್, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವ್ ಇವೆಲ್ಲ ಇವೆ. ಇವುಗಳಲ್ಲಿ ಎಲ್ಲಿ ಎಡವಟ್ಟಾದರೂ ಲೆಕ್ಕ ತಪ್ಪುತ್ತದೆ. ಆದರೆ ದೂರು ಬರುವುದು ತೂಗುವವನ ಹೆಸರಿಗೆ, ಏಕೆಂದರೆ ಆ ದಾರಿಯಲ್ಲಿ ಗಾಳಿಯ ತೂಕ ಹೇಳುವವನು ಅವನೊಬ್ಬನೇ.

ಪೆಟ್ರೋಲ್ ಇಂಜಿನ್ನಿನಲ್ಲಿ ಸತ್ಯ ಹೊರಗೆಳೆಯಲು ಒಂದು ಒಳ್ಳೆಯ ಸಾಕ್ಷ್ಯ ಸಿಗುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಇನ್ನೊಂದು ಸೆನ್ಸರ್ ನೋಡುತ್ತಿರುತ್ತದೆ. ಇಂಧನ ಕಡಿಮೆ ಬಿದ್ದಿದೆ ಎಂದು ಅದು ಹೇಳಿದರೆ ಕಂಪ್ಯೂಟರ್ ಸದ್ದಿಲ್ಲದೆ ಶೇಕಡಾ ಇಷ್ಟು ಎಂದು ಕೂಡಿಸಿ ಕೊಡುತ್ತದೆ. ಫ್ಯೂಯೆಲ್ ಟ್ರಿಮ್ ಎಂಬ ಈ ತಿದ್ದುಪಡಿ ಸ್ಕ್ಯಾನರಿನಲ್ಲಿ ಕಾಣುತ್ತದೆ, ಹತ್ತು ಶೇಕಡಾದೊಳಗಿದ್ದರೆ ಚಿಂತೆಯಿಲ್ಲ. ಗಾಡಿ ನಿಂತು ಐಡಲ್‌ನಲ್ಲಿ ಓಡುವಾಗ ತಿದ್ದುಪಡಿ ದೊಡ್ಡದಾಗಿದ್ದು, 2,500 ಆರ್‌ಪಿಎಮ್‌ಗೆ ಏರಿಸಿದಾಗ ತಗ್ಗಿದರೆ, ಸೆನ್ಸರ್ ದಾಟಿದ ಮೇಲೆ ಎಲ್ಲೋ ಹೋಸ್ ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ ಎಂದು ತಿಳಿಯಬೇಕು. ಐಡಲ್‌ನಲ್ಲಿ ಇಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಎಳೆತ ಮಾತ್ರ ಜೋರು, ಹಾಗಾಗಿ ಸಣ್ಣ ಬಿರುಕಿನ ಪಾಲು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಗಾಡಿಗೆ ಭಾರ ಬಿದ್ದಷ್ಟೂ, ಏರು ಹತ್ತಿದಷ್ಟೂ ತಿದ್ದುಪಡಿ ಏರುತ್ತ ಹೋದರೆ ಧೂಳು ಹಿಡಿದ ಸೆನ್ಸರಿನ ಮೇಲೆ ಸಂಶಯ ಬರುತ್ತದೆ. ಧೂಳಿನ ಹೊದಿಕೆ ಹೊದ್ದ ತಂತಿ ಜೋರುಗಾಳಿಗೂ ಆರದೆ ಕಡಿಮೆ ತೂಕ ಹೇಳುತ್ತದೆ. ಅಲ್ಲಿಯೂ ತೀರ್ಪಿಗೆ ಅವಸರ ಸಲ್ಲದು. ಸೋತ ಫ್ಯೂಯೆಲ್ ಪಂಪೂ ಕಟ್ಟಿಕೊಂಡ ಫ್ಯೂಯೆಲ್ ಫಿಲ್ಟರೂ ಇದೇ ಚಿತ್ರವನ್ನು ತೋರಿಸುತ್ತವೆ. ಆದ್ದರಿಂದ ಇಂಧನದ ಒತ್ತಡವನ್ನು ಗೇಜ್ ಹಾಕಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಡೀಸೆಲ್ಲಿನ ಕತೆ ಬೇರೆ, ಆದರೆ ಅಲ್ಲಿ ಹೊಗೆಯೇ ಮಾತಾಡುತ್ತದೆ. ಸೆನ್ಸರ್ ಇಷ್ಟು ಗಾಳಿ ಬಂತು ಎಂದರೆ ಅದಕ್ಕೆ ತಕ್ಕಷ್ಟೇ ಡೀಸೆಲ್ ಬಿಡುವುದು ಕಂಪ್ಯೂಟರಿನ ನಿಯಮ, ಇಲ್ಲದಿದ್ದರೆ ಕಪ್ಪು ಹೊಗೆ ಬರುತ್ತದೆ. ಈಗ ಮೂರು ಸಂದರ್ಭಗಳನ್ನು ತೂಗಿ ನೋಡಿ. ಸೆನ್ಸರ್ ಕೆಟ್ಟು ಇರುವುದಕ್ಕಿಂತ ಕಡಿಮೆ ಗಾಳಿ ಹೇಳಿದರೆ ಡೀಸೆಲ್ಲೂ ಕಡಿಮೆ ಬೀಳುತ್ತದೆ. ಗಾಡಿ ಎಳೆಯುವುದಿಲ್ಲ, ಹೊಗೆಯೂ ಬರುವುದಿಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿದ್ದರೆ, ತೂಗಿ ಒಳಬಿಟ್ಟ ಗಾಳಿ ದಾರಿಯಲ್ಲೇ ಸೋರುತ್ತದೆ. ಕಂಪ್ಯೂಟರಿಗೆ ಅದು ಗೊತ್ತಾಗದೆ ಲೆಕ್ಕದಷ್ಟೇ ಡೀಸೆಲ್ ಬಿಡುತ್ತದೆ. ಆಗ ಗಾಡಿ ಎಳೆಯುವುದೂ ಇಲ್ಲ, ಏರಿನಲ್ಲಿ ಕಪ್ಪು ಹೊಗೆಯೂ ದಟ್ಟ. ಮೂರನೆಯದು, ಮಸಿ ಕಟ್ಟಿದ ಇಜಿಆರ್ ವಾಲ್ವ್ ತೆರೆದೇ ಉಳಿದರೆ ಸಿಲಿಂಡರಿನಲ್ಲಿ ಹೊಗೆಯೇ ಜಾಗ ತುಂಬಿಕೊಂಡು ಹೊಸ ಗಾಳಿ ನಿಜಕ್ಕೂ ಕಡಿಮೆ ಬರುತ್ತದೆ. ಸೆನ್ಸರ್ ಕಡಿಮೆ ಎಂದೇ ಹೇಳುತ್ತದೆ, ಹೇಳುವುದು ಸತ್ಯವನ್ನೇ. ಅದನ್ನು ಬದಲಿಸಿದರೆ ಹೊಸ ಸೆನ್ಸರ್ ಕೂಡ ಅದೇ ಸತ್ಯವನ್ನು ಹೇಳುತ್ತದೆ, ಲೈಟು ಮತ್ತೆ ಹತ್ತುತ್ತದೆ. ಹೊಸ ಬಿಡಿಭಾಗ ಹಾಕಿದ ವಾರದಲ್ಲೇ ಹಳೆಯ ಕಾಯಿಲೆ ಮರಳುವುದರ ಹಿಂದೆ ಇಂಥ ಕಾರಣ ಇರುತ್ತದೆ.

ಈ ಸಂಶಯವನ್ನು ಅಂಕಿಯಿಂದಲೇ ಬಿಡಿಸಬಹುದು, ಅದಕ್ಕೆ ಶಾಲೆಯ ಗುಣಾಕಾರ ಸಾಕು. ಮಾರುತಿ ಸ್ವಿಫ್ಟ್, ಡಿಜೈರ್, ಫಿಯೆಟ್ ಪುಂಟೊ, ಟಾಟಾ ವಿಸ್ಟಾದಂಥ ಕಾರುಗಳಲ್ಲಿ ಓಡಿದ, ಫಿಯೆಟ್ ವಿನ್ಯಾಸದ 1.3 ಲೀಟರ್ ಡೀಸೆಲ್ ಇಂಜಿನ್ನನ್ನು ತೆಗೆದುಕೊಳ್ಳಿ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ಲನ್ನು ಕೈಬಿಟ್ಟರೂ ಕರಾವಳಿಯ ರಸ್ತೆಗಳಲ್ಲಿ ಅದು ಇನ್ನೂ ಧಾರಾಳವಾಗಿ ಓಡುತ್ತಿದೆ. ಅದರ ಒಟ್ಟು ಅಳತೆ 1,248 ಸಿಸಿ, ಸಿಲಿಂಡರ್ ನಾಲ್ಕು, ಒಂದೊಂದಕ್ಕೆ 312 ಸಿಸಿ. ಮಂಗಳೂರಿನ 30 ಡಿಗ್ರಿಯಲ್ಲಿ ಅಷ್ಟು ಗಾಳಿಯ ತೂಕ ಸುಮಾರು 360 ಮಿಲಿಗ್ರಾಂ. ವಾಲ್ವುಗಳ ಕಿರಿದಾದ ದಾರಿಯಿಂದಾಗಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ ಎಂದು ತುಸು ಬಿಟ್ಟುಕೊಟ್ಟರೂ ಐಡಲ್‌ನಲ್ಲಿ, ಇಜಿಆರ್ ಮುಚ್ಚಿದ ಸ್ಥಿತಿಯಲ್ಲಿ, ಒಂದು ಹೊಡೆತಕ್ಕೆ 300ಕ್ಕಿಂತ ಮೇಲಿನ ಅಂಕಿ ಸ್ಕ್ಯಾನರಿನಲ್ಲಿ ಕಾಣಬೇಕು. ಇಜಿಆರ್ ತೆರೆದಾಗ ಅಂಕಿ ಸ್ಪಷ್ಟವಾಗಿ ಬೀಳಬೇಕು, ಮುಚ್ಚಿದಾಗ ಮೇಲೆ ಬರಬೇಕು. ಹಾಗೆ ಏರಿಳಿದರೆ ತಕ್ಕಡಿಯೂ ಸರಿ, ವಾಲ್ವೂ ಸರಿ. ವಾಲ್ವನ್ನು ಮುಚ್ಚಿಸಿದರೂ ಅಂಕಿ 200ರ ಹತ್ತಿರವೇ ನಿಂತರೆ ವಾಲ್ವನ್ನು ಬಿಚ್ಚಿ ಅದು ನಿಜಕ್ಕೂ ಮುಚ್ಚುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಸೆನ್ಸರಿನ ಆಚೆಗೆ ಎಲ್ಲಾದರೂ ಹೋಸ್ ಸಡಿಲವಾಗಿದೆಯೇ ಎಂದು ನೋಡಬೇಕು. ಮೂರೂ ಸರಿಯಿದ್ದು ಅಂಕಿ ಏಳದಿದ್ದರೆ ಮಾತ್ರ ತಪ್ಪು ತಕ್ಕಡಿಯದು.

ನಮ್ಮ ಕರಾವಳಿಯಲ್ಲಿ ಈ ಎಚ್ಚರ ಬೇರೆ ಕಡೆಗಿಂತ ಹೆಚ್ಚು ಬೇಕು, ಅದಕ್ಕೆ ಹವೆಯೇ ಕಾರಣ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನೀರು ನಿಂತ ರಸ್ತೆಯಲ್ಲಿ ಹೋದ ಗಾಡಿಯ ಏರ್ ಫಿಲ್ಟರ್ ಒದ್ದೆಯಾದರೆ ಗಾಳಿಯ ಹರಿವು ಕುಗ್ಗುತ್ತದೆ. ಕಡಲಿನ ಉಪ್ಪು ಹೊತ್ತ ತೇವ ವೈರಿನ ಕಪ್ಲರಿನೊಳಗೆ ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದ ಪಿನ್ನು ಸಿಗ್ನಲನ್ನು ತಗ್ಗಿಸಿದರೆ ಬರುವ ಕೋಡ್ ಸೆನ್ಸರಿನ ಹೆಸರಿನಲ್ಲೇ. ಮಳೆ ಬಿಟ್ಟ ಮೇಲೆ ಮುರಕಲ್ಲಿನ ಕೆಂಪು ಧೂಳಿನ ಕಾಲ. ಬಿ.ಸಿ. ರೋಡಿನಿಂದ ಘಟ್ಟದ ಬುಡದವರೆಗೆ ವರ್ಷಗಟ್ಟಲೆ ಹೆದ್ದಾರಿ ಅಗಲೀಕರಣದ ಧೂಳು ಕುಡಿದ ಗಾಡಿಗಳಿಗೆ, ಫಿಲ್ಟರ್ ಸರಿಯಾಗಿ ಕೂರದಿದ್ದರೆ, ಆ ಧೂಳು ನೇರ ತಂತಿಗೇ ಹೋಗಿ ಅಂಟುತ್ತದೆ. ಎಣ್ಣೆ ಸವರಿದ ಬಗೆಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೂ ಅದರ ಪಸೆ ತಂತಿಯ ಮೇಲೆ ಕೂರುತ್ತದೆ. ಹೀಗೆ ಒಂದೇ ಕೋಡಿನ ಹಿಂದೆ ನಮ್ಮಲ್ಲಿ ಒದ್ದೆ ಫಿಲ್ಟರ್, ಕಿಲುಬು ಹಿಡಿದ ಕಪ್ಲರ್, ಧೂಳು ಹಿಡಿದ ತಂತಿ ಎಂಬ ಮೂರು ಬೇರೆ ಬೇರೆ ಕಾಯಿಲೆಗಳಿರಬಹುದು. ಮೂರಕ್ಕೂ ಮದ್ದು ಹೊಸ ಸೆನ್ಸರಿಗಿಂತ ಅಗ್ಗ.

ಹಾಗಿದ್ದರೆ ಅದನ್ನು ಯಾವಾಗ ಬದಲಿಸಬೇಕು? ಮಲ್ಟಿಮೀಟರ್ ಹಿಡಿದು ಕಪ್ಲರಿನಲ್ಲಿ ನೋಡಿದಾಗ ಬ್ಯಾಟರಿಯಿಂದ ಬರಬೇಕಾದ ವೋಲ್ಟೇಜ್ ಬರುತ್ತಿದ್ದು, ಅರ್ತಿಂಗ್ ಸರಿಯಿದ್ದು, ಕಂಪ್ಯೂಟರಿನವರೆಗಿನ ವೈರು ತುಂಡಾಗದೆ, ಆದರೂ ಸೆನ್ಸರ್ ಸುಮ್ಮನಿದ್ದರೆ ಅದು ಸತ್ತಿದೆ ಎನ್ನಲು ಅಡ್ಡಿಯಿಲ್ಲ. ಬಾಷ್‌ನ ಬಹು ಬಳಕೆಯ ಒಂದು ಬಗೆಯಲ್ಲಿ ಕೀ ತಿರುಗಿಸಿ ಇಂಜಿನ್ ಚಾಲೂ ಮಾಡದೆ ಇಟ್ಟಾಗ, ಗಾಳಿಯೇ ಹರಿಯದ ಸ್ಥಿತಿಯಲ್ಲಿ, ಸಿಗ್ನಲ್ ಸುಮಾರು 1 ವೋಲ್ಟ್ ಇರುತ್ತದೆ. ಅಲ್ಲಿಂದ ದೂರ ಸರಿದಿದ್ದರೆ ತಕ್ಕಡಿಯ ಮುಳ್ಳೇ ವಾಲಿದೆ ಎಂದು ಅರ್ಥ. ಕಪ್ಲರ್ ಕಿತ್ತು ಓಡಿಸಿ ನೋಡುವ ಹಳೆಯ ಉಪಾಯವೂ ಇದೆ. ಸೆನ್ಸರಿನ ಮಾತು ಬರದಾದಾಗ ಕಂಪ್ಯೂಟರ್ ತನ್ನ ನೆನಪಿನ ಸಿದ್ಧ ಅಂಕಿಗಳಿಂದ ಗಾಡಿ ಓಡಿಸುತ್ತದೆ. ಆಗ ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆದರೆ ಸೆನ್ಸರಿನ ಮೇಲಿನ ಸಂಶಯ ಗಟ್ಟಿಯಾಗುತ್ತದೆ. ಆದರೆ ಇದು ಸುಳಿವು ಮಾತ್ರ, ಎಲ್ಲ ಗಾಡಿಯೂ ಇದಕ್ಕೆ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಕಿತ್ತದ್ದಕ್ಕೇ ಹೊಸ ಕೋಡೊಂದು ದಾಖಲಾಗುವುದರಿಂದ ಹಳೆಯ ಕೋಡುಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬದಲಿಸುವ ಕೆಲಸ ಕಷ್ಟದ್ದಲ್ಲ, ನಾಜೂಕಿನದು. ಮೊದಲು ಕೀ ತೆಗೆದು, ತಂತಿ ಆರಲು ಕೆಲವು ನಿಮಿಷ ಬಿಡಬೇಕು. ಕಪ್ಲರಿನ ಲಾಕ್ ಒತ್ತಿ, ವೈರು ಹಿಡಿದೆಳೆಯದೆ ಕಪ್ಲರನ್ನೇ ಹಿಡಿದು ಬಿಡಿಸಬೇಕು. ಬಹುತೇಕ ಎರಡು ಸ್ಕ್ರೂ, ಅವಕ್ಕೆ ನಕ್ಷತ್ರದ ತಲೆ. ಹೊರಬಂದ ಸೆನ್ಸರನ್ನು ಎಸೆಯುವ ಮುನ್ನ ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ, ಮತ್ತೆ ಹಾಕಿ ಅಂಕಿ ನೋಡಬೇಕು. ಕಾರ್ಬುರೇಟರ್ ಕ್ಲೀನರ್ ಬೇಡ, ಕಂಪ್ರೆಸರಿನ ಗಾಳಿ ಬೇಡ, ಹತ್ತಿ ಬಟ್ಟೆಯೂ ಬೇಡ. ಆ ತಂತಿ ಮುಟ್ಟಿದರೆ ಮುರಿಯುವಷ್ಟು ಸೂಕ್ಷ್ಮ. ಹೊಸದನ್ನು ಹಾಕುವಾಗ ಗಾಳಿಯ ದಿಕ್ಕು ತೋರುವ ಬಾಣ ಇಂಜಿನ್ನಿನ ಕಡೆಗಿರಬೇಕು, ರಬ್ಬರ್ ರಿಂಗ್ ಸರಿಯಾಗಿ ಕೂರಬೇಕು, ಪ್ಲಾಸ್ಟಿಕ್ಕಿನ ಮೈಗೆ ಸ್ಕ್ರೂ ಹದವಾಗಿ ಬಿಗಿಯಬೇಕು. ಪಾರ್ಟ್ ನಂಬರ್ ಅಂಕಿಗೆ ಅಂಕಿ ತಾಳೆಯಾಗಬೇಕು. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಸೆನ್ಸರುಗಳು ಒಂದೇ ಗಾಳಿಗೆ ಬೇರೆ ಬೇರೆ ವೋಲ್ಟೇಜ್ ಕೊಡುವಂತೆ ರೂಪಿತವಾಗಿರಬಹುದು. ದೊಡ್ಡ ಕಂಪನಿಯ ಹೆಸರು ಹೊತ್ತ ಡುಪ್ಲಿಕೇಟ್ ಮಾಲು ಪೇಟೆಯಲ್ಲಿರುವುದರಿಂದ ಅರ್ಧ ಬೆಲೆಯ ಆಸೆಗೆ ಬಿದ್ದರೆ, ಹಳೆಯ ಸರಿಯಾದ ತಕ್ಕಡಿ ತೆಗೆದು ಹೊಸ ಕಳ್ಳ ತಕ್ಕಡಿ ಹಾಕಿಸಿಕೊಂಡಂತಾಗುತ್ತದೆ. ಕೊನೆಗೆ ಕೋಡ್ ಅಳಿಸಿ, ಗಾಡಿಯನ್ನು ಒಂದಷ್ಟು ದೂರ ಓಡಿಸಿ, ಮೊದಲಿನ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಬರೆದಿಟ್ಟರೆ ಕೆಲಸ ಮುಗಿಯಿತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಇಷ್ಟೆಲ್ಲ ನೋಡುತ್ತ ಕೂತರೆ ಗ್ಯಾರೇಜಿನಲ್ಲಿ ಅರ್ಧ ದಿನ ಹೋಗುತ್ತದೆ, ಸೆನ್ಸರ್ ಬದಲಿಸಲು ಹತ್ತು ನಿಮಿಷ ಸಾಕು ಎನ್ನುತ್ತಾರೆ. ಹತ್ತು ನಿಮಿಷದ ಕೆಲಸ ಸರಿಯಾದ ಕೆಲಸವಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಊಹೆ ತಪ್ಪಿದರೆ, ಒಮ್ಮೆ ಹಾಕಿದ ಎಲೆಕ್ಟ್ರಿಕಲ್ ಬಿಡಿಭಾಗವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಆ ದುಡ್ಡೂ ಹೋಗಿ, ಮೂಲ ಕಾಯಿಲೆಯೂ ಉಳಿದು, ತಪಾಸಣೆಯ ಅರ್ಧ ದಿನ ಮುಂದೆಂದೋ ಹೇಗಿದ್ದರೂ ಕೊಡಬೇಕಾಗುತ್ತದೆ. ಅಷ್ಟರಲ್ಲಿ ಇಂಧನ ಹೆಚ್ಚಾಗಿ ಓಡಿದ ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾದರೆ ಖರ್ಚು ಸೆನ್ಸರಿನ ಹಲವು ಪಟ್ಟಾಗುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗೌರವದ್ದು. ಇಪ್ಪತ್ತು ಮೂವತ್ತು ವರ್ಷ ಕೈಗೆ ಗ್ರೀಸು ಹಚ್ಚಿಕೊಂಡ ಮೆಕ್ಯಾನಿಕ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ, ಅವನಿಗೆ ಅಂಕಿಯ ಪಾಠ ಬೇಕೇ? ಕಾರ್ಬುರೇಟರ್ ಕಾಲದಲ್ಲಿ ಆ ಕಿವಿಗೆ ಸಾಟಿಯಿರಲಿಲ್ಲ, ಏಕೆಂದರೆ ಇಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತಿರಲಿಲ್ಲ. ಇಂದಿನ ಕಂಪ್ಯೂಟರ್ ಹನ್ನೆರಡು ಶೇಕಡಾ ತಪ್ಪನ್ನು ತಾನೇ ತಿದ್ದಿ, ನಯವಾಗಿ ಓಡಿಸಿ, ತನ್ನ ತಿದ್ದುವ ಶಕ್ತಿ ಮುಗಿದ ದಿನ ಮಾತ್ರ ಲೈಟು ಹತ್ತಿಸುತ್ತದೆ. ಆ ಹನ್ನೆರಡು ಶೇಕಡಾ ಯಾವ ಕಿವಿಗೂ ಕೇಳುವುದಿಲ್ಲ. ಅನುಭವದ ಬೆಲೆ ಇದರಿಂದ ತಗ್ಗುವುದಿಲ್ಲ. ಯಾವ ಅಂಕಿಯನ್ನು ಮೊದಲು ನೋಡಬೇಕು, ಯಾವ ಹೋಸಿಗೆ ಕೈಹಾಕಬೇಕು ಎಂದು ಹೇಳುವುದು ಅನುಭವವೇ.

ಸ್ಕ್ಯಾನರ್ ದೊಡ್ಡ ಶೋರೂಮಿನ ಸೊತ್ತು, ಸಣ್ಣ ಗ್ಯಾರೇಜಿಗೆ ಎಟುಕುವುದಿಲ್ಲ ಎಂಬ ಮೂರನೆಯ ಮಾತು ಈಗ ಹಳತಾಗಿದೆ. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಬ್ಲೂಟೂತ್ ಮೂಲಕ ಮೊಬೈಲಿನಲ್ಲಿ ಅಂಕಿ ಓದುವ ಸಲಕರಣೆ ಈಗ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಅಗ್ಗದ ಸಲಕರಣೆ ಎಲ್ಲವನ್ನೂ ತೋರಿಸುವುದಿಲ್ಲ, ಇಜಿಆರ್ ವಾಲ್ವನ್ನು ಮುಚ್ಚು ತೆರೆ ಎಂದು ಆಜ್ಞೆ ಮಾಡಲು ಕಂಪನಿಗೆ ಹೊಂದುವ ಸ್ಕ್ಯಾನರೇ ಬೇಕು ಎಂಬುದು ನಿಜ. ಆದರೆ ಗಾಳಿಯ ತೂಕ, ಫ್ಯೂಯೆಲ್ ಟ್ರಿಮ್, ಕೋಡ್ ಈ ಮೂರನ್ನು ಓದಲು ಅದು ಸಾಕು. ಹೇಗೂ ಕ್ಲೀನ್ ಮಾಡಿದರೆ ನಷ್ಟವಿಲ್ಲವಲ್ಲ, ಅಷ್ಟು ಮಾಡಿ ಬಿಡೋಣ ಎನ್ನುವವರಿಗೂ ಒಂದು ಮಾತು. ಕ್ಲೀನ್ ಮಾಡುವುದು ಒಳ್ಳೆಯದೇ. ಮೊದಲಿನ ಅಂಕಿ ಬರೆದಿಟ್ಟುಕೊಳ್ಳದೆ ಮಾಡಿದರೆ ಅದರಿಂದ ಏನು ಸುಧಾರಿಸಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಧೂಳು ಎಲ್ಲಿಂದ ಬಂತು ಎಂದು ಫಿಲ್ಟರ್ ಡಬ್ಬಿ ನೋಡದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕೆಲಸ.

ಇಷ್ಟಕ್ಕೂ ಬೇಕಾದ ವಿದ್ಯೆ ನಮ್ಮೂರಿಗೆ ದೂರದ್ದಲ್ಲ. ಕದ್ರಿ ಗುಡ್ಡದ ಮೇಲೆ 1946ರಲ್ಲಿ ಶುರುವಾದ ಕರ್ನಾಟಕ ಪಾಲಿಟೆಕ್ನಿಕ್, ಊರಿನ ಬಾಯಲ್ಲಿ ಕೆಪಿಟಿ, ತನ್ನ ಹೆಸರನ್ನು ಹೆದ್ದಾರಿಯ ವೃತ್ತಕ್ಕೇ ಕೊಟ್ಟಿದೆ. ಅಲ್ಲಿ ಆಟೊಮೊಬೈಲ್ ವಿಭಾಗವಿದೆ, ಅದರ ನೆರೆಯಲ್ಲೇ ಸರಕಾರಿ ಐಟಿಐ ಇದೆ. ಅಳೆಯಲು ಕಲಿತ ಹುಡುಗರು ಅಲ್ಲಿಂದ ಹೊರಬರುತ್ತಾರೆ. ಆದರೆ ಕಲಿತದ್ದನ್ನು ಮಾಡಲು ಅವರಿಗೆ ನಾವು ಎಡೆ ಕೊಡುತ್ತಿದ್ದೇವೆಯೇ ಎಂಬುದು ಪ್ರಶ್ನೆ. ನಾಲ್ಕು ಸಾವಿರದ ಬಿಡಿಭಾಗಕ್ಕೆ ಮರುಮಾತಿಲ್ಲದೆ ದುಡ್ಡು ಕೊಡುವ ನಾವು, ಏನೂ ಬದಲಿಸದೆ ಒಂದು ಗಂಟೆ ಹುಡುಕಿ ಸಡಿಲವಾದ ಕ್ಲ್ಯಾಂಪ್ ಬಿಗಿದುಕೊಟ್ಟವನಿಗೆ ಐನೂರು ಕೊಡಲು ಚೌಕಾಸಿ ಮಾಡುತ್ತೇವೆ. ಹಾಗಿರುವಾಗ ಹುಡುಕುವವನು ಸೋಲುತ್ತಾನೆ, ಬದಲಿಸುವವನು ಬಾಳುತ್ತಾನೆ. ಗ್ಯಾರೇಜಿನವರನ್ನು ದೂರುವ ಮುನ್ನ ನಾವು ತಿದ್ದಿಕೊಳ್ಳಬೇಕಾದದ್ದು ಇದು. ಗಾಡಿ ಬಿಡುವಾಗಲೇ ತಪಾಸಣೆಗೆ ಬೇರೆ ಮಜೂರಿ ಕೊಡುತ್ತೇವೆ ಎಂದು ಹೇಳೋಣ. ಬಂದ ಕೋಡ್ ಯಾವುದು, ಗಾಳಿಯ ಅಂಕಿ ಎಷ್ಟಿತ್ತು, ಏನೇನು ನೋಡಿ ಸೆನ್ಸರೇ ಕೆಟ್ಟಿದೆ ಎಂದು ಗೊತ್ತಾಯಿತು ಎಂಬ ಮೂರು ಸಾಲು ಬಿಲ್ಲಿನ ಮೇಲೆ ಬರೆಸಿಕೊಳ್ಳೋಣ. ತೆಗೆದ ಹಳೆಯ ಸೆನ್ಸರನ್ನು ಕೇಳಿ ಮನೆಗೆ ತರೋಣ. ಮೂರನೆಯ ಸಾಲು ಖಾಲಿ ಇದ್ದರೆ ಬದಲಿಸುವ ಹೊತ್ತು ಇನ್ನೂ ಬಂದಿಲ್ಲ, ಗೋಣಿಯ ತೂತನ್ನು ಹುಡುಕುವ ಕೆಲಸ ಬಾಕಿಯಿದೆ.